ಸೊನ್ನಿ ಮಾಸ್ತರರಿಗೆ ಹತ್ತಕ್ಕೆ ಎರಡು

ನನ್ನ ಹೆಸರು ಆಬಾಸಾಹೇಬ. ಶಾಲೆಯ ಹಾಜರಿ ಪುಸ್ತಕದಲ್ಲಿ, ಮನೆಯ ಬಾಗಿಲ ಮೇಲಿನ ಫಲಕದಲ್ಲಿ ಹಾಗೆಯೇ ಇದೆ. ಆದರೆ ಏಕಸಂಬಿಯ ಸುತ್ತಮುತ್ತ ಆ ಹೆಸರು ಹಿಡಿದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ‘ಸೊನ್ನಿ ಮಾಸ್ತರ’ ಎಂದು ಕೇಳಿ ನೋಡಿ, ಅಂಗಡಿ ಬಿಟ್ಟು ಬಂದು ದಾರಿ ತೋರಿಸುತ್ತಾರೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ್ದಕ್ಕೆ ನನಗೆ ಸಿಕ್ಕ ಬಿರುದು ಅದು. ಅರ್ಧ ಅಂಕ, ಕಾಲು ಅಂಕ ಎಂದು ಚೌಕಾಸಿ ಮಾಡುವವನಲ್ಲ ನಾನು. ‘ಮನೆ’ ಎಂದು ಬರೆಯಬೇಕಾದಲ್ಲಿ ‘ಮನಿ’ ಎಂದು ಬರೆದರೆ ಕೆಂಪು ಗೆರೆ, ಮುಂದೆ ಗುಂಡಗೆ ಒಂದು ಸೊನ್ನೆ. ನನ್ನ ಕೈಯಲ್ಲಿ ಸೊನ್ನೆ ತಿಂದವರಲ್ಲಿ ಇಬ್ಬರು ಈಗ ವಕೀಲರು, ಒಬ್ಬ ದನದ ಡಾಕ್ಟರು. ದಾರಿಯಲ್ಲಿ ಸಿಕ್ಕರೆ ಇಂದಿಗೂ ನನ್ನೆದುರು ಪದ ನೋಡಿಕೊಂಡು ಮಾತಾಡುತ್ತಾರೆ.

ಈ ವರ್ಷ ನಮ್ಮ ಶಾಲೆಗೆ ಹನ್ನೆರಡು ಟ್ಯಾಬ್ ಬಂದವು. ಪ್ರತಿಯೊಬ್ಬ ಶಿಕ್ಷಕರೂ ಒಂದು ಕಿರುಪರೀಕ್ಷೆಯನ್ನು ಆನ್‌ಲೈನಿನಲ್ಲೇ ಮಾಡಬೇಕು ಎಂದು ಹೆಡ್‌ಮಾಸ್ತರರು ಅಪ್ಪಣೆ ಮಾಡಿದರು. ಕಲಿಸುವ ಜವಾಬ್ದಾರಿ ವಿಜ್ಞಾನದ ಮೇಘಾ ಟೀಚರಿಗೆ ಬಿತ್ತು. ಅವರಿಗೆ ವಯಸ್ಸು ಇಪ್ಪತ್ತೇಳು, ತಾಳ್ಮೆ ಎಪ್ಪತ್ತು ವರ್ಷದವರದು. ದಿನಾ ಸಂಜೆ ಆರಕ್ಕೆ ಎಲ್ಲರೂ ಮನೆಯಿಂದಲೇ ಫೋನಿನಲ್ಲಿ ತರಬೇತಿಗೆ ಕೂರಬೇಕು ಎಂದರು.

ನಾನು ಕೂರಲಿಲ್ಲ. ನಾವು ಜೈನರು, ಸೂರ್ಯ ಮುಳುಗುವುದರೊಳಗೆ ಊಟ ಮುಗಿಸುವವರು, ಆರು ಗಂಟೆ ಎಂದರೆ ನನಗೆ ಊಟದ ಹೊತ್ತು ಎಂದು ಹೇಳಿ ಒಂದು ತಿಂಗಳು ತಪ್ಪಿಸಿಕೊಂಡೆ. ಅಷ್ಟರಲ್ಲಿ ನನ್ನ ಹೆಂಡತಿ ಕಮಲಾಬಾಯಿ ಮದುವೆಮನೆಯೊಂದರಲ್ಲಿ ಮೇಘಾ ಟೀಚರಿಗೆ ಸಿಕ್ಕು, “ನಮ್ಮವರು ಐದೂವರಿಗೇ ಉಂಡು ಆರಕ್ಕ ಟಿ.ವಿ. ಮುಂದ ಕುಂತಿರ್ತಾರ್ರಿ” ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಮೇಘಾ ಟೀಚರು ಟ್ಯಾಬ್ ಹಿಡಿದು ನನ್ನ ಮೇಜಿನ ಎದುರು ಬಂದು ನಿಂತರು.

“ಸರ, ಈಗ ಮಟಾಮಟಾ ಮಧ್ಯಾಹ್ನ. ಸೂರ್ಯಾ ನೆತ್ತಿ ಮ್ಯಾಲೆ ಅದಾನ. ಕಲೀರಿ” ಎಂದರು.

ಕಲಿತೆ. ಒಂದೇ ಬೆರಳಿನಿಂದ, ಕದದ ಕರೆಗಂಟೆ ಒತ್ತುವವನ ಹಾಗೆ ಒಂದೊಂದು ಅಕ್ಷರ ಒತ್ತಿದೆ. ‘ಳ’ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಒಂದು ಬಿಡುವು ಕಳೆಯಿತು. ಮೇಘಾ ಟೀಚರು ಕನಿಕರಪಟ್ಟು ಮೂಲೆಯಲ್ಲಿದ್ದ ಮೈಕಿನ ಚಿತ್ರ ತೋರಿಸಿದರು.

“ಬೆರಳಿಗೆ ತ್ರಾಸ ಕೊಡಬ್ಯಾಡ್ರಿ ಸರ. ಇದನ್ನ ಒತ್ತಿ ಮಾತಾಡ್ರಿ, ತಾನ ಬರಕೋತೈತಿ.”

“ಸರಿ ಉತ್ತರ ಬಾಯಿಲೆ ಬರಿಯೂದಲ್ಲ ಬಾಯಾರ, ಕೈಲೆ ಬರಿಯೂದು” ಎಂದೆ. ಪುಸ್ತಕ ಎದುರಿಗಿಟ್ಟುಕೊಂಡು ಮೂರು ದಿನದಲ್ಲಿ ಹತ್ತು ಪ್ರಶ್ನೆ, ಹತ್ತು ಉತ್ತರ ಸಿದ್ಧಮಾಡಿದೆ. ಪದ ಕೊಟ್ಟು ಅರ್ಥ ಕೇಳುವ ಸುಲಭದ ಪರೀಕ್ಷೆ. ಗೃಹ ಎಂದರೆ ಮನೆ, ವೃಷ್ಟಿ ಎಂದರೆ ಮಳೆ, ಶಿರ ಎಂದರೆ ತಲೆ, ಹೀಗೆ.

“ಸರ, ಒಂದೊಂದ ಉತ್ತರ ಸಾಕೇನ್ರಿ? ಇದರಾಗ ಎರಡು ಮೂರು ಸರಿ ಉತ್ತರ ಹಾಕಾಕ ಬರ್ತೈತಿ” ಎಂದರು ಮೇಘಾ.

“ಸರಿ ಉತ್ತರ ಒಂದ ಇರ್ತೈತಿ.”

“ಹಂಗಾರ ಉಳದದ್ದೆಲ್ಲಾ ತಪ್ಪು ಅಂತ ಒತ್ತಲೇನ್ರಿ?”

“ಒತ್ರಿ” ಎಂದೆ. ಆ ಗುಂಡಿ ಒತ್ತಿದಾಗ ನನಗೆ ನಿಜವಾಗಿ ಸಂತೋಷವಾಯಿತು. ಮೂವತ್ತೊಂದು ವರ್ಷಕ್ಕೆ ನನಗೆ ತಕ್ಕ ಜೊತೆಗಾರ ಸಿಕ್ಕ ಎನ್ನಿಸಿತು.

ಪರೀಕ್ಷೆಯ ದಿನ ಎಂಟನೆಯ ತರಗತಿಯ ಮಕ್ಕಳನ್ನು ಮೂರು ಸರದಿ ಮಾಡಿ ಕೂರಿಸಿದೆವು. ಬರೆದು ಮುಗಿಸಿ ಗುಂಡಿ ಒತ್ತಿದ ಕೂಡಲೇ ಅಂಕ ಅಲ್ಲೇ ಕಾಣುತ್ತದೆ. ಕಂಡಿತು. ಒಬ್ಬನಿಗೆ ಎರಡು, ಇನ್ನೊಬ್ಬಳಿಗೆ ಒಂದು, ಮತ್ತೊಬ್ಬನಿಗೆ ಎರಡು. ತರಗತಿಗೆ ಮೊದಲಿಗನಾದ ಶ್ರೇಣಿಕನಿಗೆ ಸೊನ್ನೆ. ಅವನು ಅಳುವುದೊಂದು ಬಾಕಿ. ಏನು ಬರೆದಿದ್ದೀಯೋ ಎಂದು ನೋಡಿದರೆ, ‘ಗೃಹ ಎಂದರೆ ಮನೆ’, ‘ವೃಷ್ಟಿ ಎಂದರೆ ಮಳೆ’ ಎಂದು ಹತ್ತಕ್ಕೆ ಹತ್ತೂ ಪೂರ್ಣ ವಾಕ್ಯ. ಪೂರ್ಣ ವಾಕ್ಯದಲ್ಲೇ ಉತ್ತರಿಸಬೇಕು ಎಂದು ಬಡಿದು ಬಡಿದು ಕಲಿಸಿದವನು ನಾನೇ. ಯಂತ್ರಕ್ಕೆ ಒಂದೇ ಪದ ಬೇಕಿತ್ತು. ನನಗೆ ನಗು ಬಂತು, ಶ್ರೇಣಿಕನಿಗೆ ಬರಲಿಲ್ಲ.

ಮೂರನೆಯ ಸರದಿಯಲ್ಲಿ ಮನಿಷಾ ಬರೆದಳು. ಅವಳಿಗೂ ಸೊನ್ನೆ. ಆಗ ನನ್ನ ನಗು ನಿಂತಿತು.

ಮನಿಷಾಳ ಅಪ್ಪ ಗಂಗಾರಾಮ ಕುರಿ ಸಾಕುವವನು, ಮೂಲ ಊರು ಕರೋಶಿ. ಹುಡುಗಿ ಏಳನೆಯವರೆಗೆ ಓದಿದ್ದು ಮರಾಠಿ ಶಾಲೆಯಲ್ಲಿ. ತಾಯಿ ದುಂಡವ್ವ ಹಟ ಹಿಡಿದು ಈ ಜೂನ್‌ನಲ್ಲಿ ನಮ್ಮ ಕನ್ನಡ ಶಾಲೆಗೆ ಸೇರಿಸಿದ್ದಳು. ಸೇರಿಸುವ ದಿನ ಗಂಗಾರಾಮ ನನ್ನೆದುರೇ ಕರಾರು ಹಾಕಿದ್ದ. “ಮೊದಲನೇ ಪರೀಕ್ಷಾ ಪಾಸಾದ್ರ ಇಲ್ಲೇ ಇರಲಿ. ಇಲ್ಲಾಂದ್ರ ಗಡಿ ಆಚೆ ಕಾಗಲದಾಗ ನಮ್ಮ ಅಕ್ಕನ ಮನಿ ಐತಿ, ಅಲ್ಲಿಟ್ಟು ಮರಾಠಿ ಸಾಳಿಗೇ ಹಾಕ್ತೇನಿ. ಇದು ನಕ್ಕಿ, ಮತ್ತ ಬದಲಿಲ್ಲ.” ಹುಡುಗಿ ಆಗ ತಾಯಿಯ ಸೆರಗನ್ನು ಹಿಡಿದ ಹಿಡಿತ ನನಗೆ ಇನ್ನೂ ನೆನಪಿದೆ. ಜೂನ್‌ನಲ್ಲಿ ಅವಳಿಗೆ ತನ್ನ ಹೆಸರೊಂದೇ ಕನ್ನಡದಲ್ಲಿ ಬರೆಯಲು ಬರುತ್ತಿತ್ತು. ಆಗಸ್ಟ್ ಹೊತ್ತಿಗೆ ಬಸ್ಸಿನ ಬೋರ್ಡು, ಗೊಬ್ಬರದ ಚೀಲ, ಗೋಡೆಯ ಜಾಹೀರಾತು ಯಾವುದನ್ನೂ ಬಿಡದೆ ಓದುತ್ತಿದ್ದಳು. ಅಂಥವಳಿಗೆ ಸೊನ್ನೆ ಬಂದಿತ್ತು. ಅವಳು ಟ್ಯಾಬನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಚೀಲ ತೆಗೆದುಕೊಂಡು ಹೊರಟುಹೋದಳು.

ಮನೆಯಲ್ಲಿ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಮರುದಿನ ಹತ್ತು ಗಂಟೆಗೆ ಗಂಗಾರಾಮ ಮಗಳನ್ನು ಕರೆದುಕೊಂಡು ಶಿಕ್ಷಕರ ಕೋಣೆಗೆ ಬಂದ.

“ಸಾಳಿ ಬಿಟ್ಟ ದಾಖಲೆ ಕೊಡ್ರಿ ಮಾಸ್ತರ. ನಾಳೆ ಕಾಗಲಕ್ಕ ಬಿಟ್ಟು ಬರ್ತೇನಿ.”

ಮನಿಷಾ ಬಾಗಿಲ ಚೌಕಟ್ಟಿಗೆ ಆತುಕೊಂಡು ನಿಂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸ್ವಲ್ಪ ಸಲೀಸಾಗುತ್ತಿತ್ತು.

“ಕುಂದರ್ರಿ ಗಂಗಾರಾಮಣ್ಣಾ. ಒಂದ ಪರೀಕ್ಷಾಕ್ಕ ಯಾಕ ಅವಸರ?”

“ನೀವ ಹೇಳ್ರಿ. ಆ ಪರೀಕ್ಷಾ ಅವಘಡ ಇತ್ತೇನು?”

ಇಲ್ಲಿ ನನ್ನ ಜಂಬ ಮಧ್ಯೆ ಬಂತು. ಪರೀಕ್ಷೆ ಕಷ್ಟವಾಗಿತ್ತು ಎಂದು ಒಂದು ಮಾತು ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನಾನು ಸಿದ್ಧಮಾಡಿದ ಪ್ರಶ್ನೆಪತ್ರಿಕೆಯನ್ನು ಯಾರಾದರೂ ಅವಘಡ ಎಂದರೆ ನನಗೆ ಸಹಿಸಲಾಗುವುದಿಲ್ಲ.

“ಏನೂ ಅವಘಡ ಇಲ್ಲ. ಭಾಳ ಹಗರ. ನಿಮ್ಮ ಮುಂದ ನಾನ ಬರದ ತೋರಸ್ತೇನಿ, ನೋಡ್ರಿ” ಎಂದು ಟ್ಯಾಬ್ ಎಳೆದುಕೊಂಡೆ.

ಬೆರಳಿನಿಂದ ಒತ್ತುತ್ತ ಕೂತರೆ ಗಂಗಾರಾಮನ ಕುರಿಗಳು ಮಧ್ಯಾಹ್ನದವರೆಗೆ ಕಾಯಬೇಕಾಗುತ್ತಿತ್ತು. ಅದಕ್ಕೆ ಮೈಕ್ ಒತ್ತಿದೆ. ಕನ್ನಡಕ ಹಣೆಯ ಮೇಲಿತ್ತು, ಕಣ್ಣು ಗಂಗಾರಾಮನ ಮೇಲಿತ್ತು. ಒಂದೊಂದು ಪ್ರಶ್ನೆಯನ್ನೂ ಅವನಿಗೆ ತಿಳಿಯುವ ಹಾಗೆ ಹೇಳುವುದು, ಮೈಕ್ ಒತ್ತುವುದು, ಉತ್ತರ ಅನ್ನುವುದು.

“ಗೃಹ ಅಂದ್ರ... ಮನಿ. ವೃಷ್ಟಿ ಅಂದ್ರ... ಮಳಿ. ಶಿರ... ತಲಿ. ಗಜ... ಆನಿ. ತುರಗ... ಕುದರಿ. ಸಾಯಂಕಾಲ... ಸಂಜಿ. ಕ್ಷೀರ... ಹಾಲ. ವತ್ಸ... ಕರ. ಖಗ... ಹಕ್ಕಿ. ಅನಿಲ... ಗಾಳಿ. ಆತಿಲ್ಲೋ? ಎರಡ ಮಿನಿಟಿನ ಕೆಲಸ!”

ಠೀವಿಯಿಂದ ಗುಂಡಿ ಒತ್ತಿ, ಟ್ಯಾಬನ್ನು ಗಂಗಾರಾಮನ ಕಡೆ ತಿರುಗಿಸಿದೆ. ಅವನು ಬಗ್ಗಿ ನೋಡಿದ. ಕಣ್ಣು ಉಜ್ಜಿಕೊಂಡು ಮತ್ತೊಮ್ಮೆ ನೋಡಿದ.

“ಮಾಸ್ತರ, ಇಲ್ಲಿ ಹತ್ತಕ್ಕ ಎರಡು ಅಂತ ಬಂದೈತ್ರಿ.”

ಕನ್ನಡಕ ಇಳಿಸಿಕೊಂಡು ನೋಡಿದೆ. ಹೌದು, ಹತ್ತಕ್ಕೆ ಎರಡು. ಹಕ್ಕಿ ಮತ್ತು ಗಾಳಿ ಮಾತ್ರ ಹಸಿರು, ಉಳಿದ ಎಂಟೂ ಕೆಂಪು. ಮನಿ, ಮಳಿ, ತಲಿ, ಆನಿ. ನಾನು ಬಾಯಲ್ಲಿ ಆಡಿದ್ದನ್ನು ಯಂತ್ರ ಹಾಗೆಯೇ ಬರೆದುಕೊಂಡಿತ್ತು. ಪಕ್ಕದ ಮೇಜಿನಲ್ಲಿದ್ದ ಮೇಘಾ ಟೀಚರು ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದರು. ಅವರ ಭುಜ ಕುಣಿಯುತ್ತಿತ್ತು.

“ನಮ್ಮ ಹುಡಿಗಿದು ಸೊನ್ನಿ, ಮಾಸ್ತರದು ಎರಡು” ಎಂದ ಗಂಗಾರಾಮ ಗಂಭೀರವಾಗಿ. “ಭಾಳ ಫರಕ ಇಲ್ಲ ಬಿಡ್ರಿ.”

ಮೇಘಾ ಟೀಚರಿಗೆ ಇನ್ನು ತಡೆಯಲಾಗಲಿಲ್ಲ, ಗೊಳ್ಳೆಂದು ನಕ್ಕರು. ಗಂಗಾರಾಮನೂ ನಕ್ಕ. ಮನಿಷಾ ತುಟಿ ಕಚ್ಚಿ ಹಿಡಿದುಕೊಂಡಳು, ಆದರೂ ಒಂದು ಕಿಸಕ್ ಹೊರಬಿತ್ತು. ನನಗೆ ಮೊದಲು ಮೈಯೆಲ್ಲ ಉರಿಯಿತು. ಟ್ಯಾಬನ್ನು ಎತ್ತಿ ಕಿಟಕಿಯ ಆಚೆ ಎಸೆಯಬೇಕು ಎನ್ನಿಸಿತು. ಆಮೇಲೆ ಆ ಎಂಟು ಕೆಂಪು ಉತ್ತರಗಳನ್ನು ಒಂದೊಂದಾಗಿ ಓದಿದೆ. ಇವು ನನ್ನ ಅವ್ವ ಆಡಿದ ಮಾತುಗಳು. ಈ ಮಾತುಗಳಿಗೆ ಮೂವತ್ತೊಂದು ವರ್ಷ ಕೆಂಪು ಗೆರೆ ಎಳೆದ ಕೈ ನನ್ನದೇ. ಎಷ್ಟು ಮಕ್ಕಳು ಚೀಲ ತೆಗೆದುಕೊಂಡು ಸುಮ್ಮನೆ ಎದ್ದುಹೋದರೋ ಎಂದು ನೆನೆದು ನನಗೆ ನಾಚಿಕೆಯಾಯಿತು.

“ಮೇಘಾ ಬಾಯಾರ, ನಗೂದು ಮುಗಸಿ ಇಲ್ಲಿ ಬರ್ರಿ. ಮನಿಷಾ ಏನ ಬರದಾಳ ತಗೀರಿ.”

ತೆಗೆದರು. ಮನಿ, ಮಳಿ, ತಲಿ, ಆನಿ, ಕುದರಿ, ಸಂಜಿ, ಹಾಲ, ಕರ. ನನ್ನ ಎಂಟು ತಪ್ಪುಗಳೇ, ಅದೇ ಸಾಲಿನಲ್ಲಿ. ಗೃಹ, ವೃಷ್ಟಿ, ಗಜ ಎಂಬ ಪದಗಳು ಅವಳಿಗೆ ಮರಾಠಿ ಶಾಲೆಯಿಂದ ಬಂದಿದ್ದವು, ಅರ್ಥಗಳು ತಾಯಿಯ ಬಾಯಿಂದ ಬಂದಿದ್ದವು. ಖಗ ಎಂಬಲ್ಲಿ ಖಾಲಿ ಬಿಟ್ಟಿದ್ದಳು. ಅನಿಲ ಎಂಬಲ್ಲಿ ‘ವಾರಾ’ ಎಂದು ಮರಾಠಿಯನ್ನೇ ಬರೆದಿದ್ದಳು.

“ಎರಡು ಮೂರು ಸರಿ ಉತ್ತರ ಹಾಕಾಕ ಬರ್ತೈತಿ ಅಂದಿದ್ರಲ್ಲಾ, ಅದನ್ನ ತೋರಸ್ರಿ.”

ಮೇಘಾ ತೋರಿಸಿದರು, ನಾನು ಒತ್ತಿದೆ. ‘ಮನೆ’ಯ ಕೆಳಗೆ ‘ಮನಿ’ ಸೇರಿಸಿದೆ. ‘ಮಳೆ’ಯ ಕೆಳಗೆ ‘ಮಳಿ’. ಈ ಸಲ ಬೆರಳಿಗೆ ‘ಳ’ ತಾನಾಗಿ ಸಿಕ್ಕಿತು. ಶ್ರೇಣಿಕನ ಪೂರ್ಣ ವಾಕ್ಯಗಳಿಗೂ ಒಂದೊಂದಾಗಿ ಸರಿ ಹಾಕಿದೆ. ಉತ್ತರದ ಕೆಳಗೆ ಶಿಕ್ಷಕರ ಮಾತು ಬರೆಯಲು ಒಂದು ಜಾಗ ಇರುತ್ತದೆ ಎಂದು ಮೇಘಾ ಹೇಳಿದಾಗ, ಅಲ್ಲಿ ‘ಸರಿ. ಆಡುವಾಗ ಮನಿ, ಬರೆಯುವಾಗ ಮನೆ’ ಎಂದು ಬರೆದೆ. ಎಂಟಕ್ಕೂ ಹಾಗೆಯೇ ಬರೆದೆ. ಒಂದು ತಾಸು ಹಿಡಿಯಿತು. ಗಂಗಾರಾಮ ಚಹಾ ಕುಡಿಯುತ್ತ ಕೂತೇ ಇದ್ದ.

“ವಾರಾ ಅನ್ನೂದಕ್ಕೂ ಒಂದ ಕೊಡ್ರಿ ಮಾಸ್ತರ. ನಾವೆಲ್ಲಾ ಹಂಗ ಅಂತೀವಿ” ಎಂದ ಕೊನೆಗೆ.

“ಅದು ಮರಾಠಿ. ಅದಕ್ಕ ಸೊನ್ನಿ” ಎಂದೆ. ಎಷ್ಟೆಂದರೂ ನಾನು ಸೊನ್ನಿ ಮಾಸ್ತರ.

ಪರದೆಯ ಮೇಲೆ ಮನಿಷಾಳ ಹೆಸರಿನ ಮುಂದೆ ಹತ್ತಕ್ಕೆ ಎಂಟು ಬಂತು. ದಾನ ಮಾಡಿದ ಅಂಕ ಒಂದೂ ಇರಲಿಲ್ಲ. ಗಂಗಾರಾಮ ಅದನ್ನು ನೋಡಿದ, ಮಗಳನ್ನು ನೋಡಿದ, ಟೋಪಿ ತೆಗೆದು ಮತ್ತೆ ಹಾಕಿಕೊಂಡ.

“ಮಾಸ್ತರಕಿಂತ ಆರು ಹೆಚ್ಚಿಗಿ ತಗೊಂಡಾಳ” ಎಂದ. “ಹಂಗಾರ ಇಲ್ಲೇ ಇರಲಿ ಬಿಡ್ರಿ.”

ಮನಿಷಾ ಬಾಗಿಲು ಬಿಟ್ಟು ತರಗತಿಗೆ ಓಡಿದಳು. ಓಡಬಾರದು ಎಂಬ ನಿಯಮ ಇದೆ. ನಾನು ಕೂಗಲಿಲ್ಲ.

ಸುದ್ದಿ ಮಧ್ಯಾಹ್ನದೊಳಗೆ ಇಡೀ ಶಾಲೆಗೆ, ಸಂಜೆಯೊಳಗೆ ಬೇಡಕಿಹಾಳದವರೆಗೂ ಹೋಯಿತು. ಮನೆಯಲ್ಲಿ ಕಮಲಾಬಾಯಿ ಬಡಿಸುತ್ತ, “ಎರಡ ರೊಟ್ಟಿ ಸಾಕಲ್ರಿ? ಹತ್ತಕ್ಕ ಎರಡು” ಎಂದಳು. ನಾನು ಮುಖ ಊದಿಸಿಕೊಂಡು ಮೂರು ತಿಂದೆ. ಆದರೆ ಮರುದಿನದಿಂದ ಟ್ಯಾಬ್ ನನ್ನ ಕೈ ಬಿಡಲಿಲ್ಲ. ವಾರಕ್ಕೊಂದು ಪರೀಕ್ಷೆ ಮಾಡತೊಡಗಿದೆ. ಆಡುವ ಪದ ಕೊಟ್ಟು ಬರೆಯುವ ಪದ ಕೇಳಿದೆ, ಬರೆಯುವ ಪದ ಕೊಟ್ಟು ಮನೆಯಲ್ಲಿ ಏನಂತಾರೆ ಎಂದು ಕೇಳಿದೆ. ಮಕ್ಕಳು ಅಜ್ಜಿಯರ ಬಾಯಿಂದ ಪದ ಕೇಳಿ ತಂದು ಬರೆಯತೊಡಗಿದರು. ಎಷ್ಟೋ ಪದ ನನಗೂ ಗೊತ್ತಿರಲಿಲ್ಲ.

ದೀಪಾವಳಿ ರಜೆ ಮುಗಿದ ಮೇಲೆ ಒಂದು ದಿನ ನನ್ನ ಫೋನಿಗೆ ಒಂದು ಪರೀಕ್ಷೆ ಬಂತು. ಸಿದ್ಧಮಾಡಿದವರು ಮನಿಷಾ, ಎಂಟನೆಯ ತರಗತಿ. ಮೇಘಾ ಟೀಚರು ಕಲಿಸಿಕೊಟ್ಟಿರಬೇಕು. ಹತ್ತೂ ಪ್ರಶ್ನೆ ಕುರಿಯ ಮೇಲೆಯೇ. ಹಿಂಡಿನ ಮುಂದೆ ನಡೆಯುವ ಕುರಿಗೆ ಏನೆನ್ನುತ್ತಾರೆ? ಹಾಲು ಬಿಟ್ಟ ಮರಿಗೆ? ಕಿವಿ ಸಣ್ಣಗಿದ್ದುದಕ್ಕೆ? ಮೂವತ್ತೊಂದು ವರ್ಷ ಕನ್ನಡ ಕಲಿಸಿದ ನಾನು ಅರ್ಧ ಗಂಟೆ ತಿಣುಕಿ ‘ಮುಂದಿನ ಕುರಿ’, ‘ದೊಡ್ಡ ಮರಿ’, ‘ಸಣ್ಣ ಕಿವಿಯ ಕುರಿ’ ಎಂದೆಲ್ಲ ಬರೆದು ಗುಂಡಿ ಒತ್ತಿದೆ. ಹತ್ತಕ್ಕೆ ಹತ್ತೂ ಕೆಂಪು. ಮರುದಿನ ನೋಡಿದರೆ ಕೆಳಗೆ ಶಿಕ್ಷಕರ ಮಾತು ಬರೆಯುವ ಜಾಗದಲ್ಲಿ ಒಂದು ಸಾಲಿತ್ತು.

‘ಪ್ರಯತ್ನ ಚಲೋ ಐತಿ ಸರ. ಇನ್ನೊಮ್ಮೆ ಬರೀರಿ.’

‘ಐತಿ’ ಎಂಬಲ್ಲಿ ನನ್ನ ಕೈ ತಾನಾಗಿ ಜೇಬಿನ ಕೆಂಪು ಪೆನ್ನಿಗೆ ಹೋಯಿತು. ಹೋದದ್ದು ಅಲ್ಲೇ ನಿಂತಿತು. ಪೆನ್ನು ಬಿಟ್ಟು, ಫೋನು ಹಿಡಿದು ನೇರ ಅಡುಗೆಮನೆಗೆ ನಡೆದೆ.

“ಏನ್ರಿ, ಎಷ್ಟು ಬಿತ್ತು?” ಎಂದಳು ಕಮಲಾಬಾಯಿ, ಹಿಟ್ಟಿನ ಕೈ ತೊಳೆಯುತ್ತ.

“ಸೊನ್ನಿ” ಎಂದೆ, ಎದೆಯುಬ್ಬಿಸಿಕೊಂಡು.