ಮೈಲಾರವ್ವನ ಗೈಡು

ಕನ್ನಡ ಪಂಡಿತರಾದ ಶಂಕ್ರಪ್ಪ ಮಾಸ್ತರರ ಕೊರಳಿಗೆ ಇಂಗ್ಲಿಷು ಬಿದ್ದದ್ದು ಎಂಬತ್ನಾಲ್ಕರ ಮಳೆಗಾಲದಲ್ಲಿ. ಇಂಗ್ಲಿಷಿನ ಮಾಸ್ತರರು ವರ್ಗವಾಗಿ ಹೋದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. "ನೀವ ಒಂದೀಟು ಸುಧಾರಸ್ರಿ" ಎಂದು ಹೆಡ್‌ಮಾಸ್ತರರು ಕೈ ತೊಳೆದುಕೊಂಡರು.

ಕತೆ, ಪದ್ಯಗಳನ್ನು ಹೇಗೋ ದಾಟಿಸಿದರು. ವರ್ಬಿನ ಬಗೆಗಳು ಬಂದಾಗ ಬಂಡಿ ನಿಂತಿತು. ಕಲಘಟಗಿಯ ಪುಸ್ತಕದಂಗಡಿಯಲ್ಲಿ ಇಂಗ್ಲಿಷ್ ವ್ಯಾಕರಣದ ಗೈಡು ಸಿಗುತ್ತಿತ್ತು, ಖರೆ. ಆದರೆ ಗಲ್ಲಾಪೆಟ್ಟಿಗೆಯ ಮುಂದೆ ಕೂತವನು ಅವರದೇ ಹಳೆಯ ವಿದ್ಯಾರ್ಥಿ. ಎರಡು ಸಲ ಹೋಗಿ, ಎರಡೂ ಸಲ ಸೀಮೆಸುಣ್ಣ ಕೊಂಡು ಬಂದರು.

ಅಂಥದರಲ್ಲಿ ಹತ್ತನೆಯ ಇಯತ್ತೆಯ ಮೈಲಾರವ್ವನ ಚೀಲದಲ್ಲಿ ಅದೇ ಗೈಡು ಕಂಡಿತು. ಬಮ್ಮಿಗಟ್ಟಿಯಿಂದ ನಡೆದು ಬರುವ ಹುಡುಗಿ, ಕುರಿ ಕಾಯುವ ಮಾಳಪ್ಪನ ಮಗಳು. ಅವಳ ಸೋದರಮಾವ ಹುಬ್ಬಳ್ಳಿಯಲ್ಲಿ ಹಳೆಯದನ್ನು ಕೊಡಿಸಿದ್ದ.

"ಗೈಡು ಓದೂದಂದ್ರ ಕಳವು ಮಾಡಿದಂಗ! ತಾ ಇಲ್ಲೆ" ಎಂದು ಗದರಿ ಕಸಿದುಕೊಂಡರು. ಹುಡುಗಿ ಕಣ್ಣು ತುಂಬಿಕೊಂಡು ಕೂತಳು. ಮಾಸ್ತರರು ಅದನ್ನು ಮನೆಗೆ ಒಯ್ದು, ಬಾಗಿಲು ಹಾಕಿಕೊಂಡು ಓದಿದರು.

ಮರುದಿನ ಪಾಠ ರಂಗೇರಿತು. "ತಿಂದ ಅಂದ್ರ ಏನನ್ನ ತಿಂದ ಅಂತ ಕೇಳಬಹುದು. ಅದು ಟ್ರಾನ್ಸಿಟಿವ್. ಮಲಗಿದ ಅಂದ್ರ ಏನನ್ನ ಮಲಗಿದ ಅಂತ ಯಾವ ಶಾಣ್ಯಾ ಕೇಳ್ತಾನ? ಅದು ಇನ್‌ಟ್ರಾನ್ಸಿಟಿವ್." ಹೆಲ್ಪಿಂಗ್ ವರ್ಬೂ ಬಂದಿತು. ಉದಾಹರಣೆಗಳು ಮಾತ್ರ ಗೈಡಿನವು. ಮಾಸ್ತರರು ಒಂದೊಂದನ್ನೂ ಹೇಳುವ ಮೊದಲೇ ಮೈಲಾರವ್ವನ ತುಟಿ ಅದನ್ನೇ ಸದ್ದಿಲ್ಲದೆ ಆಡುತ್ತಿತ್ತು. ಮಾಸ್ತರರು ಅದನ್ನು ನೋಡಿದರು. ನೋಡಿದ್ದನ್ನು ಅವಳೂ ನೋಡಿದಳು. ಅವರ ಕೈಯ ಸೀಮೆಸುಣ್ಣ ಮುರಿಯಿತು.

ಹದಿನೈದು ದಿನಕ್ಕೆ ತಪಾಸಣೆಯ ಸಾಹೇಬರು ಬಂದರು. ವರ್ಬಿನ ಬಗೆಗಳನ್ನು ಹೇಳು ಎಂದು ಎಬ್ಬಿಸಿದ್ದು ಮೈಲಾರವ್ವನನ್ನೇ. ಅವಳು ಒಂದನ್ನೂ ಬಿಡದೆ ಹೇಳಿದಳು.

"ಶಾಬಾಸ್! ಯಾರು ಕಲಿಸಿದ್ರವಾ?"

ಮಾಸ್ತರರ ಇಪ್ಪತ್ತು ವರ್ಷದ ಮಾನ ಆ ಹುಡುಗಿಯ ನಾಲಿಗೆಯ ಮೇಲಿತ್ತು.

"ನಮ್ಮ ಸರ್ರಿ."

ಸಾಹೇಬರು ಕೈ ಕುಲುಕಿದರು. ಮಾಸ್ತರರಿಗೆ ನೆಲ ಬಾಯಿಬಿಡಬಾರದೆ ಎನ್ನಿಸಿತು.

ಶಾಲೆ ಬಿಟ್ಟ ಮೇಲೆ ಅವಳನ್ನು ವರಾಂಡದಲ್ಲಿ ನಿಲ್ಲಿಸಿದರು. ತಪ್ಪಾಯಿತು ಎನ್ನಬೇಕೆಂದೇ ಬಾಯಿ ತೆರೆದರು. ಹೊರಬಿದ್ದದ್ದು ಬೇರೆ.

"ತಗೋ ನಿನ್ನ ಗೈಡು. ಇನ್ನ ಮ್ಯಾಲೆ ಶಾಲಿಗಿ ತರಬ್ಯಾಡ."

ಮೈಲಾರವ್ವ ಕೈ ಚಾಚಲಿಲ್ಲ.

"ಇರ್ಲಿ ಇಟ್ಕೋರಿ, ಸರ. ನನಗ ಬಾಯಿಪಾಠ ಆಗೈತ್ರಿ. ನೀವಿನ್ನೂ ಟೆನ್ಸು ಕಲಸೂದೈತಲ್ರಿ."

ಅದರಲ್ಲಿ ಕೊಂಕು ಎಳ್ಳಷ್ಟೂ ಇರಲಿಲ್ಲ. ಇದ್ದಿದ್ದರೆ ಸಿಟ್ಟಾದರೂ ಮಾಡಬಹುದಿತ್ತು. ಹುಡುಗಿ ಚೀಲ ಹೆಗಲಿಗೇರಿಸಿ ನಡೆದಳು. ಕೂಗಿ ಕರೆದು ಕೊಡಬೇಕೆಂದು ಮಾಸ್ತರರಿಗೆ ಅನ್ನಿಸಿತು. ಅವಳು ರಸ್ತೆ ತಿರುಗುವವರೆಗೂ ಕರೆಯಲಿಲ್ಲ. ಆಮೇಲೆ ಆಚೀಚೆ ನೋಡಿ, ಗೈಡನ್ನು ಕೋಟಿನ ಒಳಗೆ ಸೇರಿಸಿಕೊಂಡರು.