ಎಲಿಕೆಮ್ ಮೇಷ್ಟ್ರ ಧರ್ಮಪಾಠ

ಕೆಟಾ ಎಂಬ ಹಿನ್ನೀರಿನ ದಂಡೆಯ ಆ ಪ್ರಾಥಮಿಕ ಶಾಲೆಗೆ ಹೊಸದಾಗಿ ಬರುವ ಮೇಷ್ಟ್ರುಗಳನ್ನು ತಿದ್ದಿ ತೀಡುವ ಕೆಲಸ ಹನ್ನೊಂದು ವರ್ಷದಿಂದ ಡೆಲಾಲಿಯದು. ಲೆಕ್ಕ, ಇಂಗ್ಲಿಷು ಹೇಳಿಕೊಡುವುದು ಹೊಸಬರಿಗೆ ಬೇಗ ಒಗ್ಗುತ್ತಿತ್ತು. ಅವರು ಎಡವುತ್ತಿದ್ದದ್ದು ಧರ್ಮಪಾಠದಲ್ಲಿ. ಪಠ್ಯದಲ್ಲಿ ಮೂರು ಭಾಗ: ಕ್ರೈಸ್ತರದು, ಮುಸ್ಲಿಮರದು, ಹಿರಿಯರಿಂದ ಬಂದ ಊರ ಪೂಜೆಯದು. ಮೂರನ್ನೂ ಒಂದೇ ಗೌರವದಿಂದ ಹೇಳಬೇಕು. ಮೂರನೆಯದಕ್ಕೆ ಬಂದಾಗ ಕೆಲವರು ಪುಟ ಮಗುಚುತ್ತಿದ್ದರು, ಕೆಲವರು ನಗುತ್ತಿದ್ದರು. ಅದಕ್ಕೇ ಆ ಪಾಠದ ದಿನ ಡೆಲಾಲಿ ತಪ್ಪದೆ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು.

ಎಲಿಕೆಮ್‌ನ ವಿಷಯದಲ್ಲಿ ಮಾತ್ರ ಕೂರಲಿಲ್ಲ. ಹೋ ಎಂಬ ಪಟ್ಟಣದ ಪಾದ್ರಿಯೊಬ್ಬರ ಮಗ ಅವನು, ಇಪ್ಪತ್ಮೂರರ ಹುಡುಗ. ಮೊದಲೆರಡು ಭಾಗಗಳನ್ನು ಎಷ್ಟು ಚೆನ್ನಾಗಿ ಹೇಳಿದ್ದನೆಂದರೆ ನಾಲ್ಕನೇ ತರಗತಿಯ ಮಕ್ಕಳು ಆಟದ ಗಂಟೆ ಹೊಡೆದರೂ ಎದ್ದಿರಲಿಲ್ಲ. ಇವನಿಗೆ ನನ್ನ ಕಾವಲು ಬೇಡ ಎಂದುಕೊಂಡು ಡೆಲಾಲಿ ಜಿಲ್ಲಾ ಕಚೇರಿಯ ಸಭೆಗೆ ಹೋದಳು.

ಮರುದಿನ ಕಾಫುಯಿ ಎಂಬ ಹುಡುಗಿಯ ಜಾಗ ಖಾಲಿ ಇತ್ತು. ಮೂರನೆಯ ದಿನವೂ ಖಾಲಿ. ಡೆಲಾಲಿ ಎಲಿಕೆಮ್‌ನನ್ನು ಮಾವಿನ ಮರದ ಕೆಳಗೆ ಕರೆದು ಕೇಳಿದಳು. ಅವನು ಏನನ್ನೂ ಮುಚ್ಚಿಡಲಿಲ್ಲ. ಊರ ಗುಡಿಯ ಪೂಜೆಯ ಮನೆತನದವರು ಯಾರಾದರೂ ಇದ್ದೀರಾ ಎಂದು ತರಗತಿಯಲ್ಲಿ ಕೇಳಿದ್ದ. ಕಾಫುಯಿಯೊಬ್ಬಳೇ ಖುಷಿಯಿಂದ ಕೈ ಎತ್ತಿದ್ದಳು. ಅವಳ ಅಜ್ಜನೇ ಗುಡಿಯ ಪೂಜಾರಿ. ಎಲಿಕೆಮ್ ಅವಳನ್ನು ಮುಂದೆ ಕರೆದು, ಕೊರಳಿನ ಕವಡೆ ಸರ ಬಿಚ್ಚಿಸಿ, ತಲೆಯ ಮೇಲೆ ಕೈಯಿಟ್ಟು, ಕತ್ತಲಿಂದ ಇವಳನ್ನು ಬಿಡಿಸು ದೇವರೇ ಎಂದು ಇಡೀ ತರಗತಿಯಿಂದ ಪ್ರಾರ್ಥನೆ ಮಾಡಿಸಿದ್ದ.

"ಮಗು ಮೇಲಿನ ಪ್ರೀತಿಗೇ ಮಾಡಿದ್ದು ಮೇಡಂ," ಅಂದ. ಸುಳ್ಳು ಹೇಳುವ ಮುಖವಲ್ಲ ಅದು.

ಬೈಯಬೇಕೆಂದು ಬಂದಿದ್ದ ಡೆಲಾಲಿ ಮರದ ಬೇರಿನ ಮೇಲೆ ಕೂತಳು. ಇಪ್ಪತ್ತಾರು ವರ್ಷದಿಂದ ಯಾರಿಗೂ ಹೇಳದಿದ್ದುದನ್ನು ಅವನಿಗೆ ಹೇಳಿದಳು. ತಾನು ಹೊಸದಾಗಿ ಸೇರಿದ್ದಾಗ ಮುಸ್ಲಿಮರ ಕೇರಿಯಿಂದ ಸಲಾಮತು ಎಂಬ ಹುಡುಗಿ ಬರುತ್ತಿದ್ದಳು. ಅವಳ ತೋಳಿನ ತಾಯತವನ್ನು ಡೆಲಾಲಿ ಕತ್ತರಿಯಿಂದ ಕತ್ತರಿಸಿದ್ದಳು. ತಪಾಸಣೆಗೆ ಬಂದಿದ್ದ ಅಧಿಕಾರಿ ಅದನ್ನು ನೋಡಿ ಒಳ್ಳೆಯ ಶಿಸ್ತು ಎಂದು ಬರೆದುಕೊಂಡು ಹೋಗಿದ್ದ. ಹುಡುಗಿ ಮತ್ತೆ ಯಾವ ಶಾಲೆಯ ಮೆಟ್ಟಿಲನ್ನೂ ಹತ್ತಲಿಲ್ಲ. ಈಗ ಸಂತೆಯಲ್ಲಿ ಇದ್ದಿಲು ಮಾರುತ್ತಾಳೆ.

"ಪ್ರತಿ ವಾರ ಅವಳ ಹತ್ರಾನೇ ಇದ್ದಿಲು ತಗೋತೀನಿ. ಒಂದು ದಿನಾನೂ ಅವಳು ತಲೆ ಎತ್ತಿ ನನ್ನ ಮುಖ ನೋಡಿಲ್ಲ," ಅಂದಳು. "ಆವತ್ತು ನನ್ನ ಕೈ ತಡೆಯೋರು ಯಾರೂ ಇರ್ಲಿಲ್ಲ. ನಿನಗೆ ನಾನಿದ್ದೆ, ಆದ್ರೂ ಆ ದಿನ ನಾನು ಬಂದು ಕೂರಲಿಲ್ಲ. ನಡಿ, ಇಬ್ಬರೂ ಹೋಗೋಣ."

ಈರುಳ್ಳಿ ಪಾತಿಗಳ ನಡುವಿನ ಹಾದಿ ಹಿಡಿದು ಇಬ್ಬರೂ ಪೂಜಾರಿಯ ಮನೆಗೆ ಹೋದರು. ಪೂಜಾರಿಯ ಹೆಸರು ಕ್ಲುಟ್ಸೆ, ಊರವರ ಬಾಯಲ್ಲಿ ತೊಗ್ಬೆ, ಅಂದರೆ ಅಜ್ಜ. ಚಪ್ಪಲಿ ಬಿಟ್ಟು ಅಂಗಳಕ್ಕೆ ಬಂದವರಿಗೆ ಸೋರೆ ಬುರುಡೆಯಲ್ಲಿ ನೀರು ಬಂತು. ಡೆಲಾಲಿ ಕುಡಿದಳು. ಎಲಿಕೆಮ್ ಹಿಡಿದುಕೊಂಡೇ ನಿಂತ.

"ಬಾವಿ ನೀರು ಮೇಷ್ಟ್ರೇ," ಅಂದರು ತೊಗ್ಬೆ. "ನಿಮ್ಮ ಇಸ್ಕೂಲ್ ಮಕ್ಕಳು ಕುಡಿಯೋದೂ ಇದೇನೇ. ಇದುವರೆಗೂ ಯಾರೂ ನನ್ನ ಗುಡಿಗೆ ಸೇರಿಲ್ಲ."

ಎಲಿಕೆಮ್‌ನ ಕಿವಿ ಕೆಂಪೇರಿತು. ಕುಡಿದ. ಆಮೇಲೆ ನಿಂತಲ್ಲೇ ಅಂದ: "ತಪ್ಪಾಯ್ತು ತೊಗ್ಬೆ. ನಾನು ನಂಬೋದು ಬೇರೆ, ಅದನ್ನ ಬಿಡೋಕೆ ನನ್ನಿಂದಾಗಲ್ಲ. ಆದ್ರೆ ಮಗೂನ ಹಾಗೆ ಎಲ್ಲರ ಮುಂದೆ ನಿಲ್ಲಿಸಬಾರದಿತ್ತು."

"ಬಿಡಿ ಅಂತ ನಾನೆಲ್ಲಿ ಕೇಳಿದೆ?" ಮುದುಕರ ದನಿ ಏರಲಿಲ್ಲ. "ಆವತ್ತು ಮಗು ಮನೆಗೆ ಬಂದವಳೇ ಕೇಳಿದ್ಲು, ಅಷ್ಟು ಜನ ಕಣ್ಣು ಮುಚ್ಚಿ ಬೇಡ್ಕೊಂಡ್ರಲ್ಲ ಅಜ್ಜ, ನನಗೇನಾಗಿದೆ ಅಂತ. ಎಂಥೆಂಥ ಕಾಯಿಲೆಯವರಿಗೆ ಉತ್ತರ ಹೇಳಿದೀನಿ ಮೇಷ್ಟ್ರೇ. ಇದಕ್ಕೆ ಏನು ಹೇಳಬೇಕೋ ತಿಳೀಲಿಲ್ಲ."

ಕಾಫುಯಿ ಬಾಗಿಲಿಗೆ ಬಂದು ನಿಂತಿದ್ದಳು. ಎಲಿಕೆಮ್ ಅವಳ ಮುಂದೆ ಮಂಡಿಯೂರಿ, ಜೇಬಿನಿಂದ ಕವಡೆ ಸರ ತೆಗೆದು ಚಾಚಿದ. ಅವಳು ಮುಟ್ಟಲಿಲ್ಲ.

"ಎಲ್ಲರ ಮುಂದೆ ತಗೊಂಡ್ರಲ್ಲ ಸರ್. ಅಲ್ಲೇ ಕೊಡಿ."

ಡೆಲಾಲಿ ಎಲಿಕೆಮ್‌ನನ್ನು ನೋಡಿದಳು. ಅವನ ಪರವಾಗಿ ಒಂದು ಮಾತು ಹೇಳಬಹುದಿತ್ತು, ಬೇಕೆಂದೇ ಸುಮ್ಮನಿದ್ದಳು. ಅವನು ಸರವನ್ನು ಮತ್ತೆ ಜೇಬಿಗಿಟ್ಟು, ಆಗಲಿ ಎಂದು ತಲೆಯಾಡಿಸಿದ.

ಸೋಮವಾರ ಕಾಫುಯಿ ಬಂದಳು. ಡೆಲಾಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ತಾನು ಮಾಡಿದ್ದು ತಪ್ಪು, ಕಾಫುಯಿಗೆ ಏನೂ ಆಗಿರಲಿಲ್ಲ ಎಂದು ಎಲಿಕೆಮ್ ನಲವತ್ತು ಮಕ್ಕಳ ಮುಂದೆ ಹೇಳಿದ. ಅವನು ಚಾಚಿದ ಸರವನ್ನು ಕಾಫುಯಿ ತೆಗೆದುಕೊಂಡು ತಾನೇ ಕಟ್ಟಿಕೊಂಡಳು. ಹಾಗಾದರೆ ಆವತ್ತು ನಾವು ಮಾಡಿದ ಪ್ರಾರ್ಥನೆ ಏನಾಯಿತು ಎಂದು ಮುಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು. ಗೊತ್ತಿಲ್ಲ, ನಾನೂ ಅದನ್ನೇ ಯೋಚಿಸುತ್ತಿದ್ದೇನೆ ಎಂದ ಎಲಿಕೆಮ್. ಆಮೇಲೆ ಪುಸ್ತಕ ತೆರೆದು ಮೂರನೆಯ ಭಾಗವನ್ನು ಮೊದಲಿನಿಂದ ಹೇಳಿದ. ತಾನು ಕಾಣದ ಊರಿನ ವಿಷಯ ಹೇಳುವವನಂತೆ ತಡವರಿಸುತ್ತ, ಎಚ್ಚರದಿಂದ ಹೇಳಿದ.

ಕಾಫುಯಿ ಆ ವರ್ಷವಿಡೀ ಧರ್ಮಪಾಠದಲ್ಲಿ ಕೈ ಎತ್ತಲಿಲ್ಲ. ಅವನೂ ಒತ್ತಾಯಿಸಲಿಲ್ಲ. ಮರುವರ್ಷ ಮತ್ತೊಬ್ಬಳು ಹೊಸ ಟೀಚರ್ ಬಂದಳು. ಅವಳು ಮೂರನೆಯ ಭಾಗ ಶುರುಮಾಡುವ ಬೆಳಿಗ್ಗೆ ಡೆಲಾಲಿ ತರಗತಿಗೆ ಹೋದಾಗ, ಎಲಿಕೆಮ್ ಆಗಲೇ ಹಿಂದಿನ ಬೆಂಚಿಗೆ ಬಂದು ಕೂತಿದ್ದ. ಸರಿದು ಡೆಲಾಲಿಗೆ ಜಾಗ ಮಾಡಿಕೊಟ್ಟ.