ಉಳಿದ ಮದ್ದು

ನಾನು ಪಥ್ಯದಲ್ಲಿದ್ದಾಗಲೇ ಕದ್ದು ಬಂಗಡೆ ಮೀನು ತಿಂದೆನಂತೆ. ಅದಕ್ಕೇ ನನ್ನ ಕಾಮಾಲೆ ತಿರುಗಿ ಬಂತಂತೆ. ಭಾವಿಕೇರಿಯ ನಮ್ಮ ಕೇರಿಯಲ್ಲಿ ಈ ಮಾತು ಹಬ್ಬಿಸಿದವರ ಹಲ್ಲು ಉದುರಲಿ ಎಂದು ಬಾಯಿಬಿಟ್ಟೇ ಶಪಿಸಿದ್ದೇನೆ. ಮೂರು ತಿಂಗಳು ಉಪ್ಪಿಲ್ಲದ ಗಂಜಿ ಕುಡಿದವಳು ನಾನು.

ಮಳೆಗಾಲದಲ್ಲಿ ಬಾವಿಗೆ ಹೊಲಸು ನೀರು ಇಳಿದು ಐದು ಮನೆಗೆ ಕಾಮಾಲೆ ಬಂದಿತ್ತು. ಎಲ್ಲರೂ ನಾಟಿ ಮದ್ದು ಕುಡಿದೆವು, ಎಣ್ಣೆ, ಮೀನು ಬಿಟ್ಟೆವು. ಪಕ್ಕದ ಮನೆ ಗೋದಾವರಿ ತಿಂಗಳೊಳಗೆ ಎದ್ದು ಗದ್ದೆಗೆ ಹೋದಳು. ನನ್ನ ಕಣ್ಣು ಮಾತ್ರ ಅರಿಸಿನವಾಗಿಯೇ ಉಳಿಯಿತು. ಗಂಡ ಹರೀಶ ಕಾರವಾರಕ್ಕೆ ಡಾಕ್ಟರ್ ಶ್ರೀರಕ್ಷಾ ಹತ್ತಿರ ಕರೆದುಕೊಂಡು ಹೋದ. ರಕ್ತ ತೆಗೆದರು, ಪಕ್ಕೆಗೆ ಸೂಜಿ ಚುಚ್ಚಿ ಲಿವರಿನ ಚೂರು ತೆಗೆದು ನೋಡಿದರು.

"ವೈರಸ್ ಹೋಗಿದೆ," ಎಂದರು. "ಆದರೆ ಅದನ್ನು ಹೊಡೆಯೋಕೆ ಎದ್ದ ನಿಮ್ಮ ಮೈಯ ಕಾವಲೇ ಈಗ ಲಿವರನ್ನ ಹೊಡೀತಾ ಇದೆ. ಅಪರೂಪಕ್ಕೆ ಕೆಲವರಿಗೆ ಹೀಗಾಗ್ತದೆ. ನಿಮಗೇ ಯಾಕೆ ಅಂದರೆ ನನಗೂ ಗೊತ್ತಿಲ್ಲ."

"ಪಥ್ಯ ತಪ್ಪಿತಾ ಅಂತ?"

"ಪಥ್ಯಕ್ಕೂ ಇದಕ್ಕೂ ಸಂಬಂಧ ಇಲ್ಲ. ಮೀನು ತಿನ್ನಿ. ಈ ಗುಳಿಗೆ ಮಾತ್ರ ನಾನು ಹೇಳೋವರೆಗೆ ಬಿಡಬೇಡಿ. ವರ್ಷಗಟ್ಟಲೆ ಬೇಕಾಗಬಹುದು."

ಮೀನಿನ ಮಾತನ್ನು ಅತ್ತೆ ಸುಕ್ರಿ ಕಿವಿಗೇ ಹಾಕಿಕೊಳ್ಳಲಿಲ್ಲ. ದೀಪಾವಳಿ ಹೊತ್ತಿಗೆ ನನ್ನ ಕಣ್ಣು ಬೆಳ್ಳಗಾದ ಮೇಲೆ ಪಥ್ಯ ಮುರಿಯುವ ದಿನ ಗೊತ್ತು ಮಾಡಿದಳು. ನಮ್ಮ ಮನೆಯಲ್ಲಿ ಅದಕ್ಕೊಂದು ಕ್ರಮವಿದೆ: ಎಣ್ಣೆಸ್ನಾನ, ಬಂಗಡೆ ಸಾರಿನ ಊಟ, ಆಮೇಲೆ ಉಳಿದ ಮದ್ದನ್ನೆಲ್ಲ ಹಳ್ಳಕ್ಕೆ ಬಿಡುವುದು. ಮದ್ದು ಮನೆಯಲ್ಲಿದ್ದರೆ ಕಾಯಿಲೆ ಅದನ್ನು ಹುಡುಕಿಕೊಂಡು ಬರುತ್ತದಂತೆ. ಅತ್ತೆ ಬೇರು ಸೊಪ್ಪಿನ ಜತೆ ನನ್ನ ಗುಳಿಗೆ ಡಬ್ಬಿಯನ್ನೂ ಹಳ್ಳಕ್ಕೆ ಎಸೆದಳು. ನಾನು ನೋಡುತ್ತ ನಿಂತಿದ್ದೆ. ಸುಳ್ಳು ಹೇಳುವುದಿಲ್ಲ, ನನಗೂ ಖುಷಿಯೇ ಆಗಿತ್ತು. ಗುಣವಾದವಳಿಗೆ ಗುಳಿಗೆ ಯಾಕೆ ಎಂದುಕೊಂಡೆ.

ಐದು ವಾರಕ್ಕೆ ಹಾಸಿಗೆ ಹಿಡಿದೆ. ಕೊಡಪಾನ ಎತ್ತಲಾಗಲಿಲ್ಲ, ಹೊಟ್ಟೆಯಲ್ಲಿ ನೀರು ತುಂಬಿತು. ಕದ್ದು ತಿಂದ ಬಂಗಡೆಯ ಕತೆ ಹುಟ್ಟಿದ್ದು ಆಗಲೇ. ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: "ಗುಳಿಗೆ ನಿಲ್ಲಿಸಿದ್ರಾ?" ಹಳ್ಳಕ್ಕೆ ಬಿಟ್ಟದ್ದನ್ನು ಹೇಳಿದೆ. "ಇನ್ನೊಮ್ಮೆ ಹೀಗಾದರೆ ಲಿವರ್ ಉಳಿಯೋದು ಕಷ್ಟ," ಎಂದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಳುತ್ತಲೇ ಬಂದೆ. ಅಂಕೋಲೆ ಸ್ಟ್ಯಾಂಡಿನಲ್ಲಿ ಇಳಿಯುವಾಗ ಅಳು ಹೋಗಿ ಸಿಟ್ಟು ಬಂದಿತ್ತು.

ಮತ್ತೆ ಗುಳಿಗೆ ಶುರುಮಾಡಿದೆ; ಶಿವರಾತ್ರಿ ಕಳೆದ ಮೇಲೆ ಕಣ್ಣು ಬೆಳ್ಳಗಾಯಿತು. ಅತ್ತೆ ಮತ್ತೆ ಬಂಗಡೆ ತಂದಳು, ಗೋದಾವರಿಯನ್ನೂ ಊಟಕ್ಕೆ ಕರೆದಳು. ಎಲೆ ಹಾಕಿ, ಬಡಿಸಿ, ನನ್ನ ಮುಂದೆ ಕೈ ಚಾಚಿದಳು.

"ಮದ್ದು ಕೊಡೇ ಜಾನಕಿ, ಹಳ್ಳಕ್ಕೆ ಬಿಟ್ಟ್ ಬತ್ತೆ."

"ಕೊಡೂದಿಲ್ಲ."

ಹರೀಶ ಕೆಮ್ಮಿದ. "ಅಬ್ಬೆ ಸಮಾಧಾನಕ್ಕೆ ಕೊಟ್ಬಿಡೆ. ನಾಳೆ ಬೇರೆ ತರ್ತೆ."

"ಒಂದ್ ದಿನನೂ ಬಿಡೂದಿಲ್ಲ. ಹೋದ ಸಲ ನೋಡ್ತಾ ನಿಂತದ್ದೇ ಸಾಕು."

ಬಂಗಡೆಯ ಮುಳ್ಳು ಬಿಡಿಸಿ ದೊಡ್ಡದಾಗಿ ಎರಡು ತುತ್ತು ತಿಂದೆ. "ಸಮಾ ನೋಡ್ಕಳೆ ಗೋದಾವರಿ, ಕದ್ದಲ್ಲ," ಎಂದೆ. ಅವಳು ಬಾಯಿಗೆ ಸೆರಗು ಹಿಡಿದಳು. ಆಮೇಲೆ ಸೊಂಟದ ಸಂಚಿಯಿಂದ ಗುಳಿಗೆ ತೆಗೆದು, ಎಲ್ಲರಿಗೂ ಕಾಣುವಂತೆ ನಾಲಿಗೆ ಮೇಲಿಟ್ಟು, ನೀರು ಕುಡಿದೆ.

ಅತ್ತೆ ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ. ಅವಳೂ ನಾನು ಸಾಯಬಾರದೆಂದೇ ಹಳ್ಳಕ್ಕೆ ಹೋಗಿದ್ದವಳು. ಅದು ಗೊತ್ತಿದ್ದೂ ನಾನು ಮೆತ್ತಗಾಗಲಿಲ್ಲ.

"ಮದ್ದು ಮನೇಲಿದ್ರೆ ಕಾಯ್ಲೆನೂ ಮನೇಲೇ ಉಳೀತದ್ಯೇ, ಹುಚ್ಚಿ!"

"ಉಳೀಲಿ ಅತ್ತೆ," ಎಂದೆ. "ನಾನೂ ಉಳೀತೆ."